ಹಸಿದು ಸತ್ತ ಹವಳ

ಭದ್ರಾವತಿಯ ಜನ್ನಾಪುರದ ಧನಲಕ್ಷ್ಮಿ ಇಪ್ಪತ್ತೆರಡು ವರ್ಷ ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷಿಸಿದವರು. ಮನೆಯ ಸಮುದ್ರನೀರಿನ ಅಕ್ವೇರಿಯಂಗೂ ಉಪ್ಪನ್ನು ತೂಗಿಯೇ ಹಾಕುತ್ತಿದ್ದರು. ಅದಕ್ಕೆಂದು ಶಿವಮೊಗ್ಗದ ಜ್ಞಾನೇಶನ ಅಂಗಡಿಯಿಂದ ಗೋರ್ಗೋನಿಯನ್ ಎಂಬ ಜೀವಂತ ಹವಳವೊಂದನ್ನು ತಂದರು. ಬೀಸಣಿಗೆಯಂತೆ ಹರಡಿದ ಕೆಂಪು ಕವಲುಗಳು.

"ಊಟ ಏನೂ ಬೇಡ ಮೇಡಂ, ಲೈಟ್ ಇದ್ರೆ ಸಾಕು," ಎಂದಿದ್ದ ಜ್ಞಾನೇಶ.

ಎರಡೇ ತಿಂಗಳಲ್ಲಿ ಕೆಂಪು ಸಿಪ್ಪೆ ಕಳಚಿ ಕಪ್ಪು ಕಡ್ಡಿ ಉಳಿಯಿತು. ನೀರಿನಲ್ಲಿ ಯಾವ ದೋಷವೂ ಇರಲಿಲ್ಲ. ಓದಿ ನೋಡಿದಾಗ ತಿಳಿಯಿತು: ಈ ಜಾತಿ ಬರೀ ಬೆಳಕಿನಿಂದ ಬದುಕುವುದಿಲ್ಲ, ದಿನಕ್ಕೆ ಹಲವು ಸಲ ಸಣ್ಣ ಆಹಾರ ಕೊಡಬೇಕು. ಸಾಲದ್ದಕ್ಕೆ, ಇದನ್ನು ಸಮುದ್ರದಿಂದ ಕಿತ್ತು ಮಾರುವುದೂ ಕೊಳ್ಳುವುದೂ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ ಹತ್ತಿದರು.

"ಹೋಗ್ಲಿ ಬಿಡಿ ಮೇಡಂ, ಬೇರೆ ಕೊಡ್ತೀನಿ," ಎಂದು ಜ್ಞಾನೇಶ ನಕ್ಕ.

"ಬೇರೆ ಕೊಡ್ತೀಯಾ? ನನ್ ಕಣ್ಣೆದುರೇ ಹಸಿದು ಸತ್ತಿದೆ ಕಣಯ್ಯ! ಇದಕ್ಕೂ ಹೊಟ್ಟೆ ಇದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಎಲ್ರೂ ಮಾರ್ತಾರೆ, ನೀವೂ ಖುಷಿಯಾಗೇ ತಗೊಂಡ್ರಲ್ಲ."

"ಹೌದು, ತಗೊಂಡೆ. ಒಂದು ಮಾತೂ ವಿಚಾರಿಸ್ದೆ ತಗೊಂಡೆ. ಅದಕ್ಕೇ ಮೈಯೆಲ್ಲ ಉರೀತಿರೋದು!"

ಅಲ್ಲಿಂದ ನೇರವಾಗಿ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ದೂರು ಬರೆದರು. ಮಾರಿದವನ ಹೆಸರಿನ ಕೆಳಗೆ, ಕೊಂಡವಳು ಎಂದು ತಮ್ಮ ಹೆಸರನ್ನೂ ಬರೆದರು.

"ನಿಮ್ ಮೇಲೂ ಕೇಸ್ ಆಗ್ಬೋದಮ್ಮ," ಎಂದರು ಗುಮಾಸ್ತರು.

"ಆಗ್ಲಿ," ಎಂದು ಒತ್ತಿ ಸಹಿ ಹಾಕಿದರು.

ವಾರದೊಳಗೆ ಅಂಗಡಿಯಲ್ಲಿದ್ದ ಹವಳಗಳೆಲ್ಲ ಜಪ್ತಿಯಾದವು. ಸುದ್ದಿ ಕೇಳಿದ ಧನಲಕ್ಷ್ಮಿಗೆ ಸಮಾಧಾನವೇನೂ ಆಗಲಿಲ್ಲ. ಅವುಗಳಿಗೆ ಈಗ ಯಾರು ಊಟ ಹಾಕುತ್ತಿದ್ದಾರೆಂದು ಕೇಳಲು ಮತ್ತೆ ಕಚೇರಿಗೆ ಹೊರಟರು.