ಗೌಡರ ಅವ್ವನ ಚಿತ್ರಕ್ಕೆ ಕಬ್ಬಿಣದ ಕಟ್ಟು

ನಿಜಾಮರ ಆಳ್ವಿಕೆ ಮುಗಿದ ಹೊಸದು. ಮಸ್ಕಿ ಕಡೆಯ ಗೌಡರೊಬ್ಬರು ತೀರಿಹೋದ ತಮ್ಮ ಅವ್ವನ ಚಿತ್ರ ನನ್ನಿಂದ ಬರೆಸಿದರು. ದುಂಡನೆಯ ಸಾಗುವಾನಿ ಹಲಗೆಯ ಮೇಲೆ ಎರಡು ತಿಂಗಳು ಕೂತು ಬರೆದೆ. ಕಟ್ಟಿಗೆಯ ಚೌಕಟ್ಟಾದರೆ ಗೆದ್ದಲು ತಿನ್ನುತ್ತದೆ, ಕಬ್ಬಿಣದ್ದೇ ಆಗಬೇಕು ಎಂದು ಗೌಡರ ಹಟ. ಊರ ಕಂಬಾರ ಈರಪ್ಪ ಸುತ್ತಲೂ ಬಳ್ಳಿ, ಎಲೆ ಬಡಿದು ದುಂಡು ಚೌಕಟ್ಟು ಮಾಡಿದ್ದ. ಅದರ ಮುಂದೆ ನನ್ನ ಚಿತ್ರವೇ ಸಪ್ಪೆ.

ಚೌಕಟ್ಟು ಕೂಡಿಸುವ ದಿನ ಈರಪ್ಪನ ಮನೆಗೆ ಹೋದೆ. ಚಿತ್ರ ಅಂಗಳದಲ್ಲಿ ಅಂಗಾತ ಮಲಗಿತ್ತು. ಈರಪ್ಪ ಕುಲುಮೆಯಿಂದ ಚೌಕಟ್ಟನ್ನು ಇಕ್ಕಳದಲ್ಲಿ ಹಿಡಿದು ತಂದ. ಕೆಂಡದ ಹಾಗೆ ಕೆಂಪಗಿತ್ತು!

"ಏ, ಏನ್ ಮಾಡಾಕತ್ತೀಯೋ?" ಎನ್ನುವಷ್ಟರಲ್ಲಿ ಹಲಗೆಗೆ ತೊಡಿಸಿಯೇ ಬಿಟ್ಟ. ಬುಸ್ಸೆಂದು ಹೊಗೆ ಎದ್ದಿತು. ಬಣ್ಣ ಗುಳ್ಳೆಗುಳ್ಳೆಯಾಯಿತು, ಅವ್ವನ ಸೆರಗು ಕರ್ರಗಾಯಿತು. ಅವನು ನಿಶ್ಚಿಂತೆಯಿಂದ ಒಂದು ಕೊಡ ನೀರು ಸುರಿದ. ನಾನು ಹೆಗಲ ಟವೆಲ್ಲಿನಿಂದ ಅವ್ವನ ಸೆರಗು ಒರೆಸಲು ಹೋದೆ.

"ಹೆದರಬ್ಯಾಡ್ರಿ. ಗಾಡಿ ಗಾಲಿಗೆ ಕಬ್ಬಿಣದ ಹಳಿ ಹಿಂಗ ಹಾಕೋದು. ಆರಿದ ಮ್ಯಾಲ ಕಬ್ಬಿಣ ಕುಗ್ಗತೈತಿ, ಕಟ್ಟಿಗಿ ಬಿಡಂಗಿಲ್ಲ."

"ಇದೇನು ಗಾಲಿ ಏನಪಾ?"

"ದುಂಡಗ ಐತಲ್ರಿ!"

ಅಷ್ಟರಲ್ಲಿ ಗೌಡರು ಬಂದರು. ಅವರ ಸಿಟ್ಟು ಊರಿಗೇ ಗೊತ್ತು. ಆದರೆ ಸುಟ್ಟ ಸೆರಗನ್ನು ಅವರು ನೋಡಲೇ ಇಲ್ಲ. ಅವರು ಚೌಕಟ್ಟು ಹಿಡಿದು ಎರಡು ಸಲ ಜಗ್ಗಿದರು. ಅಲುಗಲಿಲ್ಲ.

"ಭಲೇ ಈರಪ್ಪ! ಅಪ್ಪನ ಚಿತ್ರಾನೂ ಬರಸ್ತೀನಿ. ಕಟ್ಟು ನೀನ ಹಾಕಬೇಕು."

ಅಪ್ಪನ ಚಿತ್ರ ಬರೆಯುವಾಗ ಅಂಚಿನ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಟ್ಟೆ, ಸುಡಲಿಕ್ಕೆ.