ಹಾಲಿನ ಜೊತೆ ನುಂಗಿಸಿದ ಮಾತ್ರೆ

ಸ್ನೇಹಿತರೇ, ಸೈಬರ್ ಕೆಫೆಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಬಸುರಿ ಇದ್ದರೆ ಅಡುಗೆಮನೆಗೂ ಕೇಳಿಸುವಂತೆ ಓದಿ.

ಏಳು ತಿಂಗಳ ಬಸುರಿ ತಂಗಿಯನ್ನು ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗದ ನರ್ಸಿಂಗ್ ಹೋಮಿಗೆ ಕರೆತಂದೆವು. ಬಸ್ಸಿಳಿಯುವಾಗಲೇ ಕುಸಿದು ಕೂತಳು. ತುಟಿಯಲ್ಲಿ ರಕ್ತದ ಬಣ್ಣವೇ ಇರಲಿಲ್ಲ.

"ಕಬ್ಬಿಣಾಂಶದ ಮಾತ್ರೆ ಬರ್ಕೊಟ್ಟಿದ್ನಲ್ಲ, ತಗೊಂಡಿಲ್ವಾ?" ಡಾಕ್ಟರು ಸಿಡುಕಿದರು.

"ಒಂದಿನಾನೂ ತಪ್ಸಿಲ್ಲ ಸಾರ್," ಅಂದರು ತಂಗಿಯ ಅತ್ತೆ. "ಮಾತ್ರೆ ಉಷ್ಣ ಅಂತ ನಾನೇ ಲೋಟದ ತುಂಬ ಹಾಲು ಕೊಟ್ಟು ನುಂಗಿಸ್ತೀನಿ."

"ಹಾಲಲ್ಲಿರೋ ಕ್ಯಾಲ್ಸಿಯಂ ಕಬ್ಬಿಣಾಂಶಾನ ಸರಿಯಾಗಿ ಮೈಗೆ ಹತ್ತೋಕೆ ಬಿಡಲ್ಲಮ್ಮ. ಲಿಂಬೆ ಷರಬತ್ತಲ್ಲಿ ಕೊಡಿ. ಸೊಸೇನ ಸಾಯಿಸ್ತೀರಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂಗಿಗೆ ರಕ್ತ ಏರಿಸತೊಡಗಿದರು. ಮಗು ಹೇಗಿದೆ ಎಂದರೆ ಡಾಕ್ಟರು "ನೋಡೋಣ" ಅಂದರಷ್ಟೇ.

ಸಂಜೆ ವಾರ್ಡಿಗೆ ನರ್ಸ್ ಬಂದರು. ಒಂದು ಕೈಯಲ್ಲಿ ಅದೇ ಮಾತ್ರೆ, ಇನ್ನೊಂದರಲ್ಲಿ ಆಸ್ಪತ್ರೆಯ ಹಾಲು. "ಬೇಗ ನುಂಗು ಮಾರಾಯ್ತಿ, ಹಾಲು ಆರುತ್ತೆ. ಬರೀ ನೀರಲ್ಲಿ ತಗೊಂಡ್ರೆ ಉಷ್ಣ."

ಅತ್ತೆ ದಡಕ್ಕನೆ ಎದ್ದು ಲೋಟ ಕಿತ್ತುಕೊಂಡು ಹಾಲನ್ನು ಬಚ್ಚಲಿಗೆ ಸುರಿದರು.

"ಎಂಥಾ ಹೆಂಗ್ಸಮ್ಮ ನೀವು! ಸೊಸೆ ಕುಡಿಯೋ ಹಾಲು ಚೆಲ್ತೀರಲ್ಲ, ಅವ್ಳು ಬದುಕೋದು ಬೇಡ್ವಾ?" ನರ್ಸ್ ಕೂಗಿದರು. ಇಡೀ ವಾರ್ಡು ತಿರುಗಿ ನೋಡಿತು.

ಹಾಲು ಕೊಟ್ಟಿದ್ದಕ್ಕೆ ಬೆಳಿಗ್ಗೆ, ಚೆಲ್ಲಿದ್ದಕ್ಕೆ ಸಂಜೆ, ಒಂದೇ ಆಸ್ಪತ್ರೆಯಲ್ಲಿ ಎರಡು ಸಲ ಸೊಸೆಯನ್ನು ಕೊಲ್ಲುವ ಅತ್ತೆ ಅನ್ನಿಸಿಕೊಂಡರು, ಪಾಪ. ಅವರನ್ನು ದುರುಗುಟ್ಟಿ ನೋಡುತ್ತಲೇ ಪಕ್ಕದ ಹಾಸಿಗೆಗಳ ಬಸುರಿಯರು ಮಾತ್ರೆ ಬಾಯಿಗಿಟ್ಟು, ಲೋಟ ಎತ್ತಿ, ಹಾಲು ಕುಡಿದರು.