ಗುಮ್ಮಣ್ಣನ ಹಿಮ್ಮಡಿ

ಹಾಡು ಕೇಳುವುದಕ್ಕಾಗಿ ಯಾರಾದರೂ ಅನ್ನ ಹುಟ್ಟಿಸುವ ಮಿಷನ್ ಮಾರುತ್ತಾರೆಯೇ? ಟೈಲರಮ್ಮ ಮಾರಿದಳು. ಬಟ್ಟೆಯ ಅಂಚು ಬಿಗಿಯುವ ಓವರ್‌ಲಾಕ್ ಮಿಷನ್ ಅದು, ಒಂಬತ್ತು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅದು ಮೆಟ್ಟಿಲಿಳಿದು ಹೋದ ದಿನವೇ ಅದೇ ಮೆಟ್ಟಿಲು ಹತ್ತಿ ಒಂದು ಕರಿ ಡಬ್ಬ ಬಂತು. ಸಬ್‌ವೂಫರ್ ಅಂತೆ, ದಪ್ಪ ಸದ್ದಿಗೆಂದೇ ಇರುವ ಸ್ಪೀಕರು. ಮೊಣಕಾಲೆತ್ತರ, ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ.

ಪಕ್ಕದ ಬೀದಿಯಲ್ಲಿದ್ದ ಅವಳ ಅಕ್ಕ ಸುದ್ದಿ ಕೇಳಿ ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಓಡಿಬಂದಳು.

"ನಿನಗೇನು ತಲೆಗಿಲೆ ಕೆಟ್ಟಿದೆಯೇನೇ? ಕಪಾಟಿನ ಮೇಲಿರೋ ಆ ಸ್ಪೀಕರ್ ಎರಡೂ ಸೇರಿದ್ರೂ ಇದರ ಅರ್ಧ ಬೆಲೆ ಇಲ್ಲ! ಇದ್ದ ಸ್ಪೀಕರಿಗೆ ಏನು ರೋಗ ಬಂದಿತ್ತು?"

"ಅದರಲ್ಲಿ ಅವರು ಕೇಳಿಸ್ತಿಲ್ಲ ಅಕ್ಕ."

ಬೈಯಲು ಬಂದ ಅಕ್ಕ ಸ್ಟೂಲು ಎಳೆದುಕೊಂಡು ಕೂತು, ತಂಗಿಯ ಕೈ ಹಿಡಿದುಕೊಂಡು, ಆಮೇಲೆ ಎದ್ದುಹೋದಳು.

ಅವರು ಅಂದರೆ ಟೈಲರಮ್ಮನ ಗಂಡ. ತೀರಿಕೊಂಡು ಎಂಟು ತಿಂಗಳಾಗಿತ್ತು. ಮದುವೆ, ಪಾರ್ಟಿ ಅಂತ ಹಾಡಿಕೊಂಡು ತಿರುಗುವ ಒಂದು ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಬೇಸ್ ಗಿಟಾರ್ ನುಡಿಸಿದ ಮನುಷ್ಯ. ನಾಲ್ಕು ದಪ್ಪ ತಂತಿಯ ಆ ಗಿಟಾರು ಗುಮ್ ಗುಮ್ ಅನ್ನುತ್ತಿತ್ತು, ಅವನೋ ಬಾಯಿಗೆ ಬೀಗ ಹಾಕಿಕೊಂಡ ಗುಮ್ಮನಗುಸಕ. ಎರಡಕ್ಕೂ ಸೇರಿಸಿ ಬ್ಯಾಂಡಿನವರು ಗುಮ್ಮಣ್ಣ ಅಂತ ಹೆಸರಿಟ್ಟರು, ಅದೇ ಗಟ್ಟಿಯಾಯಿತು. ಮುಂದೆ ಗಾಯಕ ಕುಣಿಯುತ್ತಿದ್ದ, ಡ್ರಮ್ಮಿನವನು ಕೂದಲು ಹಾರಿಸುತ್ತಿದ್ದ, ಗುಮ್ಮಣ್ಣ ಮಾತ್ರ ಹಿಂದೆ ಕತ್ತಲಲ್ಲಿ. ಫೋಟೋಗಳಲ್ಲೂ ಅವನ ಅರ್ಧ ಮುಖ ಇನ್ನೊಬ್ಬರ ಮೊಣಕೈಯ ಹಿಂದೆ. ಫೋನಿನಲ್ಲಿ "ಹೂಂ", "ಬರ್ತೀನಿ" ಬಿಟ್ಟರೆ ಮೂರನೇ ಮಾತಿಲ್ಲ. ಅಂಥವನ ದನಿ ಎಲ್ಲಿ ಉಳಿದೀತು ಹೇಳಿ?

ಅವನಿಗೆ ಮಾತಾಡುವ ಅಂಗ ಅಂತ ಒಂದಿದ್ದರೆ ಅದು ಬಲಗಾಲಿನ ಹಿಮ್ಮಡಿ. ಗಿಟಾರು ಹಿಡಿದು ಕುರ್ಚಿಯಲ್ಲಿ ಕೂತನೆಂದರೆ ಹಿಮ್ಮಡಿ ತಾನಾಗಿಯೇ ಏಳುತ್ತಿತ್ತು. ಧಪ್, ಧಪ್, ಧಪ್. ನಾಲ್ಕನೆಯದಕ್ಕೆ ಕಾಲು ಎತ್ತುತ್ತಲೇ ಇರಲಿಲ್ಲ, ಅಲ್ಲಿ ಖಾಲಿ. ಮತ್ತೆ ಮೂರು, ಮತ್ತೆ ಖಾಲಿ. ಯಾಕೆ ಹೀಗೆ ಅಂತ ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ಹಿಮ್ಮಡಿ ನಿಲ್ಲಿಸು ಅಂದರೆ ಬೆರಳುಗಳೂ ನಿಂತುಹೋಗುತ್ತಿದ್ದವು. ಮಹಡಿಯ ಮೇಲಿನ ಆ ಮನೆಯದು ಹಲಗೆಯ ನೆಲ. ಕುರ್ಚಿಯ ಮುಂದೆ, ಕಾಲು ಬೀಳುವ ಜಾಗದಲ್ಲಿ, ಹಲಗೆ ಸವೆದು ಸಣ್ಣ ಗುಳಿಯೇ ಬಿದ್ದಿತ್ತು.

ಆ ಗುಳಿಯ ನೇರ ಕೆಳಗೆ, ಕೆಳಮನೆಯಲ್ಲಿ, ಕಂಪೌಂಡರರ ಮಂಚ. ಔಷಧಿ ಅಂಗಡಿಯಲ್ಲಿ ಜೀವಮಾನವೆಲ್ಲ ಗುಳಿಗೆ ಎಣಿಸಿ ನಿವೃತ್ತರಾದ ಒಂಟಿ ಮನುಷ್ಯ, ಮೂಗಿನ ತುದಿಯಲ್ಲೇ ಸಿಟ್ಟು. ಮಧ್ಯಾಹ್ನದ ನಿದ್ದೆ ಕೆಟ್ಟರೆ ಮಂಚದ ಮೇಲೆ ಎದ್ದು ನಿಂತು, ಜೇಡರ ಬಲೆ ತೆಗೆಯುವ ಕೋಲಿನಿಂದ ಮೇಲಿನ ಹಲಗೆ ಕುಟ್ಟುತ್ತಿದ್ದರು. "ಗುಮ್ಮಣ್ಣಾ, ಸಾಕು ಮಾಡಯ್ಯಾ!" ತಮಾಷೆ ಏನೆಂದರೆ ಅವರ ಕೋಲು ಬೀಳುತ್ತಿದ್ದುದು ಆ ಖಾಲಿ ಜಾಗದಲ್ಲೇ. ಧಪ್, ಧಪ್, ಧಪ್, ಟಕ್. ವರ್ಷಗಟ್ಟಲೆ ಕೇಳಿ ಕೇಳಿ ಅವರ ಸಿಟ್ಟಿಗೂ ತಾಳ ಬಂದುಬಿಟ್ಟಿತ್ತು. ಗುಮ್ಮಣ್ಣ ಬಾಯ್ತುಂಬ ನಗುತ್ತಿದ್ದುದು ಅಂಥ ಹೊತ್ತಿನಲ್ಲೇ. "ಕಂಪೌಂಡರು ಬ್ಯಾಂಡಿಗೆ ಸೇರಿದ್ರು ಕಣೇ" ಅನ್ನುತ್ತಿದ್ದ.

ಅವನು ಹೋದ ಮೇಲೆ ಕೋಲೂ ಸುಮ್ಮನಾಯಿತು. ಆ ದಿನ ಕಂಪೌಂಡರು ಮೇಲೆ ಬಂದು, ಬಾಗಿಲಲ್ಲೇ ನಿಂತು ಕೈ ಮುಗಿದು ಇಳಿದುಹೋಗಿದ್ದರು. ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಉಳಿದದ್ದು ಒಂದು ಸಿ.ಡಿ. ಹದಿನಾಲ್ಕು ವರ್ಷದ ಹಿಂದೆ ಬ್ಯಾಂಡಿನವರು ಸ್ಟುಡಿಯೋಗೆ ಹೋಗಿ ಎಂಟು ಹಾಡು ಮುದ್ರಿಸಿದ್ದರು. ಗುಮ್ಮಣ್ಣ ಅದನ್ನು ತಂದು ಅವಳ ಹೊಲಿಗೆ ಮೇಜಿನ ಮೇಲಿಟ್ಟು, "ಇದರಲ್ಲಿ ನಾನಿದೀನಿ" ಅಂದಿದ್ದ. ಅಷ್ಟೇ. ಆಗ ಅದನ್ನು ಹಾಕಿ ಕೇಳುವ ಗರಜು ಯಾರಿಗಿತ್ತು? ಆಸಾಮಿಯೇ ಎದುರಿಗೆ ಕೂತಿದ್ದ.

ಎರಡು ತಿಂಗಳ ಹಿಂದೆ ಆ ಬ್ಯಾಂಡಿನ ಗಾಯಕ ಕೋಟು ಸಡಿಲ ಮಾಡಿಸಲು ಬಂದ. ಅಳತೆ ಕೊಡುತ್ತ ನಿಂತವನ ಕಣ್ಣಿಗೆ ಮೇಜಿನ ಮೇಲಿದ್ದ ಸಿ.ಡಿ. ಬಿತ್ತು.

"ಇದನ್ನಿನ್ನೂ ಇಟ್ಕೊಂಡಿದೀರಾ ಅತ್ತಿಗೆ? ಇದರಲ್ಲಿ ಗುಮ್ಮಣ್ಣ ಇದಾನಾ? ನನಗ್ಯಾಕೋ ಅನುಮಾನ. ಅವತ್ತು ಅವನಿಗೆ ಜ್ವರ ಅಲ್ವಾ? ಸ್ಟುಡಿಯೋದವರೇ ಯಾರನ್ನೋ ಕರೆಸಿ ಕೂರಿಸಿದ್ರು ಅನ್ಸುತ್ತೆ. ಬಿಡಿ, ಬೇಸ್ ಯಾರು ನುಡಿಸಿದ್ರೇನು, ಯಾರಿಗೆ ಕೇಳಿಸುತ್ತೆ!"

ಹಾಳಾದವನು, ಬಂದ ಕೆಲಸ ಮುಗಿಸಿಕೊಂಡು ಹೋಗಬಾರದಿತ್ತೇ? ಟೈಲರಮ್ಮ ಅವನ ಸೊಂಟದ ಅಳತೆ ಬರೆದುಕೊಂಡಳೋ ಎದೆಯದೋ ಅವಳಿಗೇ ತಿಳಿಯಲಿಲ್ಲ. ಆ ಕೋಟು ಮತ್ತೆ ಎರಡು ಸಲ ಬಿಚ್ಚಿ ಹೊಲಿಯಬೇಕಾಯಿತು.

ಅಂದಿನಿಂದ ಅವಳಿಗೆ ಅದೊಂದೇ ಹುಳ. ಆ ವರ್ಷ ಅವನಿಗೆ ಜ್ವರ ಬಂದಿದ್ದೇನೋ ನಿಜ, ಯಾವಾಗ ಅಂತ ನೆನಪಿಲ್ಲ. ಡ್ರಮ್ಮಿನವನು ಗುಮ್ಮಣ್ಣನಿಗಿಂತ ಮೊದಲೇ ತೀರಿಕೊಂಡಿದ್ದ. ಸ್ಟುಡಿಯೋ ಇದ್ದ ಜಾಗದಲ್ಲಿ ಟೈರ್ ಅಂಗಡಿ. ಸಿ.ಡಿ.ಯ ಹೊದಿಕೆಯ ಮೇಲೆ ಹಲ್ಲು ಕಿರಿದ ಗಾಯಕನ ಫೋಟೋ ಬಿಟ್ಟರೆ ಏನಿಲ್ಲ, ಯಾರ ಹೆಸರೂ ಇಲ್ಲ. ಸಿ.ಡಿ.ಯಲ್ಲಿ ಅವನಿಲ್ಲ ಅಂದರೆ ಇನ್ನೆಲ್ಲೂ ಇಲ್ಲ. ಮೇಲಾಗಿ, ಇದರಲ್ಲಿ ನಾನಿದೀನಿ ಅಂದದ್ದು ಸುಳ್ಳಾಗುತ್ತದೆ. ಜೀವನದಲ್ಲಿ ನೂರು ಮಾತಾಡಿದವನಲ್ಲ, ಆಡಿದ ನಾಲ್ಕರಲ್ಲಿ ಒಂದು ಸುಳ್ಳೇ? ಅವಳು ಕತ್ತರಿ ಕೆಳಗಿಟ್ಟು ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಹಿಮ್ಮಡಿಯೊಂದು ಕೇಳಿಸಿದ್ದರೆ ಸಾಕಿತ್ತು. ಹಿಮ್ಮಡಿ ಇಲ್ಲದೆ ಅವನು ನುಡಿಸಲಾರ. ಇನ್ನೊಬ್ಬ ಯಾರೂ ಹಾಗೆ ಮೂರು ಕುಟ್ಟಿ ನಾಲ್ಕನೆಯದನ್ನು ಬಿಡಲಾರ. ಐದನೇ ಹಾಡಿನ ನಡುವೆ ಗಾಯಕ ಬಾಯಿ ಮುಚ್ಚುತ್ತಾನೆ, ಡ್ರಮ್ಮೂ ನಿಲ್ಲುತ್ತದೆ, ಬರೀ ಗಿಟಾರು. ಅಲ್ಲಿ ಹುಡುಕಬೇಕು. ಆದರೆ ಕಪಾಟಿನ ಮೇಲಿದ್ದ ಆ ಎರಡು ಸ್ಪೀಕರುಗಳೋ ಊಟದ ಡಬ್ಬಿಗಿಂತ ತುಸು ದೊಡ್ಡವು. ಬೇಸ್ ಅನ್ನುವುದು ಪಕ್ಕದ ಮನೆಯಲ್ಲಿ ಯಾರೋ ಗೊಣಗಿದಂತೆ ಬರುತ್ತಿತ್ತು. ಅವಳು ಸ್ಟೂಲು ಹತ್ತಿ ಸ್ಪೀಕರಿಗೆ ಕಿವಿ ಅಂಟಿಸಿದಳು. ಏನಿಲ್ಲ. ದನಿ ಜೋರು ಮಾಡಿದಳು. ಗಾಯಕನ ಕಿರುಚಾಟ ಜೋರಾಯಿತು, ಅಷ್ಟೇ.

ಆ ಸ್ಪೀಕರುಗಳನ್ನೇ ಎತ್ತಿಕೊಂಡು ರಿಪೇರಿಯವನ ಬಳಿ ಹೋಗಿ, ಹಿಮ್ಮಡಿಯ ವಿಷಯ ಹೇಳಿದಳು. ಗಿರಾಕಿ ಬಂದರೆ ಸಾಕು ಬೋಳಿಸುವ ಜಾತಿಯಲ್ಲ ಅವನು, ಪಾಪ.

"ಈ ಪುಟ್ಟ ಸ್ಪೀಕರ್ ಚೆನ್ನಾಗಿವೆ ಅಮ್ಮ. ಆದ್ರೆ ಇವುಗಳ ಬಾಯಿ ಇಷ್ಟೇ ಅಗಲ ನೋಡಿ. ಹಾಡು ಹೇಳ್ತವೆ, ನೆಲ ನಡುಗಿಸಲ್ಲ. ಕಾಲು ಕುಟ್ಟಿದ ಸದ್ದು ಸಿ.ಡಿ.ಯಲ್ಲಿ ಇದ್ರೂ ಇವು ಅದನ್ನ ನುಂಗಿಬಿಡ್ತವೆ."

"ಹಾಗಾದ್ರೆ ಅಲ್ಲಿ ಮೂಲೇಲಿರೋ ಆ ದೊಡ್ಡ ಡಬ್ಬ ಕೊಡಿ."

"ನನ್ನ ಮಾತು ಕೇಳಿ, ಬೇಡ. ಹತ್ತು ಜನ ಬಂದು ಕೇಳಿದ್ರೆ ಒಂಬತ್ತು ಜನಕ್ಕೆ ಬೇಡ ಅಂತೀನಿ. ಸಣ್ಣ ಕೋಣೆ, ಸಣ್ಣ ಸ್ಪೀಕರು. ಅಷ್ಟು ದುಡ್ಡು ಸುರಿಯೋದು ದಂಡ. ಹಾಡು ಕೇಳೋಕೆ ಇದ್ದದ್ದೇ ಧಾರಾಳ."

"ನನಗೆ ಹಾಡು ಬೇಡ."

ಅವನು ಅವಳ ಮುಖ ನೋಡಿದ. "ಅಮ್ಮಾ, ಆ ಸದ್ದು ಅದರಲ್ಲಿ ಇಲ್ದೇನೇ ಇದ್ರೆ? ನನ್ನ ಡಬ್ಬ ಇರೋದನ್ನ ಕೇಳಿಸುತ್ತೆ, ಇಲ್ದಿರೋದನ್ನ ಹುಟ್ಟಿಸಲ್ಲ. ಮಾರಿದ ಮಾಲು ನಾನು ವಾಪಸ್ ತಗೊಳಲ್ಲ, ಮೊದಲೇ ಹೇಳಿದೀನಿ."

ಹಾಗೆ ಮಿಷನ್ ಹೋಗಿ ಡಬ್ಬ ಬಂದದ್ದು. ರಿಪೇರಿಯವನೇ ಬಂದು ತಂತಿ ಕೂಡಿಸಿ, ಬಾಗಿಲ ಪಕ್ಕ ಜಾಗ ಮಾಡಿ ಇಟ್ಟುಹೋದ. ಅವಳು ಬಾಗಿಲು ಹಾಕಿಕೊಂಡು, ಕೋಣೆಯ ನಡುವಿನ ಗುಮ್ಮಣ್ಣನ ಕುರ್ಚಿಯಲ್ಲಿ ಕೂತು, ಐದನೇ ಹಾಡು ಹಾಕಿದಳು. ಗಾಯಕ ನಿಂತ. ಡ್ರಮ್ಮು ನಿಂತಿತು. ಅವಳು ಉಸಿರು ಬಿಗಿಹಿಡಿದಳು. ಗಿಟಾರು ಮೊದಲಿಗಿಂತ ತುಸು ದಪ್ಪವಾಗಿ ಗುನುಗಿತು. ಹಿಮ್ಮಡಿ ಇಲ್ಲ.

ಮತ್ತೆ ಹಾಕಿದಳು. ಇಲ್ಲ. ಡಬ್ಬದ ಹಿಂದಿನ ಗುಂಡಿ ಪೂರ್ತಿ ತಿರುಗಿಸಿದಳು. ಇಲ್ಲ. ಮರುದಿನ ಬೆಳಿಗ್ಗೆ ಹೊಲಿಗೆ ಬಿಟ್ಟು ಕೂತು ಕೇಳಿದಳು, ಹನ್ನೊಂದು ಸಲ. ಗಾಯಕ ಹೇಳಿದ್ದೇ ನಿಜವಾಯಿತಲ್ಲ! ಯಾವನೋ ಗುರುತಿಲ್ಲದವನು ಬಂದು ನುಡಿಸಿದ್ದಕ್ಕೆ ತಾನು ಮಿಷನ್ ಮಾರಿದ್ದು. "ಸುಳ್ಳ!" ಅಂತ ಕುರ್ಚಿಯ ಕೈಗೆ ಗುದ್ದಿದಳು. "ಸುಳ್ಳ ನೀನು! ಇದೀನಿ ಅಂದ್ಯಲ್ಲೋ, ಎಲ್ಲಿದೀಯೋ?" ಬದುಕಿದ್ದಾಗ ಒಂದು ದಿನವೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ.

ಮಧ್ಯಾಹ್ನದ ಹೊತ್ತಿಗೆ ಅತ್ತು ಮುಗಿಸಿ, ಬೈಯುವುದಕ್ಕಾದರೂ ಒಬ್ಬರು ಬೇಕಲ್ಲ ಅಂತ ರಿಪೇರಿಯವನಿಗೆ ಫೋನು ಹಚ್ಚಿದಳು.

"ಎಲ್ಲಿ ಕೂತು ಕೇಳ್ತಿದೀರಿ?" ಅಂದ ಅವನು.

"ಎಲ್ಲಿ ಅಂದ್ರೆ? ಕುರ್ಚಿಯಲ್ಲಿ. ಕೋಣೆ ಮಧ್ಯೆ."

"ತಪ್ಪು ನಂದೇ, ಹೇಳೋದು ಮರೆತೆ. ದಪ್ಪ ಸದ್ದು ಕೋಣೇಲಿ ಎಲ್ಲಾ ಕಡೆ ಒಂದೇ ಥರ ಇರಲ್ಲಮ್ಮ. ಕೆಲವು ಕಡೆ ಗುಡ್ಡೆ ಬೀಳುತ್ತೆ, ಕೆಲವು ಕಡೆ ಸತ್ತೇಹೋಗುತ್ತೆ. ಒಂದು ಕೆಲಸ ಮಾಡಿ. ಡಬ್ಬನ ಎತ್ತಿ ಆ ಕುರ್ಚಿ ಮೇಲೆ ಕೂರಿಸಿ. ಹಾಡು ಹಾಕಿ ನೀವು ನೆಲದ ಮೇಲೆ ಅಂಬೆಗಾಲಿಕ್ಕಿ, ಗೋಡೆ ಉದ್ದಕ್ಕೂ ಹೋಗಿ. ಎಲ್ಲಿ ಗಟ್ಟಿಯಾಗಿ ಕೇಳುತ್ತೋ ಅದೇ ಡಬ್ಬದ ಜಾಗ. ಆಮೇಲೆ ಅದನ್ನ ಅಲ್ಲಿಡಿ, ನೀವು ಕುರ್ಚಿಗೆ ವಾಪಸ್ ಹೋಗಿ."

"ನನ್ನ ವಯಸ್ಸೇನು, ಅಂಬೆಗಾಲೇನು! ತಮಾಷೆ ಮಾಡ್ತಿದೀರಾ?"

"ಅಯ್ಯೋ ಇಲ್ಲಮ್ಮ, ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡೋದೇ ಹೀಗೆ. ಬಾಗಿಲು ಹಾಕ್ಕೊಂಡು ಮಾಡಿ, ಅಷ್ಟೇ."

ಡಬ್ಬವನ್ನು ತಬ್ಬಿ ಎತ್ತುವಾಗ ಸೊಂಟ ಕಳಕ್ ಅಂದಿತು. ಹೇಗೋ ಕುರ್ಚಿಯ ಮೇಲೆ ಕೂರಿಸಿದಳು. ಕುರ್ಚಿ ಸ್ವಲ್ಪ ಮುಂದೆ ಜರುಗಿ, ಒಂದು ಕಾಲು ಆ ಗುಳಿಯೊಳಗೆ ಕೂತಿತು. ಅದನ್ನು ಸರಿಪಡಿಸುವ ತ್ರಾಣ ಅವಳಲ್ಲಿರಲಿಲ್ಲ. ಹಾಡು ಹಾಕಿ, ಸೀರೆ ಎತ್ತಿಕಟ್ಟಿ, ಮಂಡಿಯೂರಿದಳು. ಮಂಡಿ ಎರಡೂ ಅಯ್ಯೋ ಅಂದವು. ಬಾಗಿಲಿಂದ ಹೊರಟು, ಕಪಾಟಿನ ಕೆಳಗೆ ಹಾದು, ಬಟ್ಟೆಯ ಚೂರು, ದಾರದ ಎಳೆ, ಎಂದೋ ಕಳೆದ ಗುಂಡುಸೂಜಿಗಳ ನಡುವೆ ತೆವಳಿದಳು. ಒಂದು ಸೂಜಿ ಅಂಗೈಗೆ ಚುಚ್ಚಿತು. ಯಾರಾದರೂ ಕಂಡಿದ್ದರೆ ಹುಚ್ಚು ಹಿಡಿದಿದೆ ಅಂತ ಎಳೆದುಕೊಂಡು ಹೋಗುತ್ತಿದ್ದರು.

ಮೊದಲ ಸಲ ಏನೂ ಸಿಗಲಿಲ್ಲ. ತೆವಳಿ ವಾಪಸ್ ಹೋಗಿ ಮತ್ತೆ ಹಾಕಿದಳು. ಎರಡನೇ ಸಲವೂ ಇಲ್ಲ. ಮೂರನೇ ಸಲ ಹೊಲಿಗೆ ಮೇಜಿನ ಅಡಿಗೆ, ಎರಡು ಗೋಡೆ ಸೇರುವ ಮೂಲೆಗೆ ಬಂದಾಗ ಗಾಯಕ ಬಾಯಿ ಮುಚ್ಚಿದ. ಅವಳು ಸೋತು, ಕೆನ್ನೆಯನ್ನು ಹಲಗೆಗೆ ಒತ್ತಿ ಮಲಗಿಬಿಟ್ಟಳು.

ಧಪ್.

ಕಿವಿಗೆ ಬಂತೋ ಕೆನ್ನೆಯ ಎಲುಬಿಗೆ ಬಂತೋ ತಿಳಿಯಲಿಲ್ಲ. ಧಪ್. ಧಪ್. ಆಮೇಲೆ ಖಾಲಿ. ಮತ್ತೆ ಮೂರು. ಮತ್ತೆ ಖಾಲಿ.

ಕೂಡಲೇ ಅವಳಿಗೆ ಹೆದರಿಕೆ ಹುಟ್ಟಿತು. ಎರಡು ತಿಂಗಳಿಂದ ಇದೊಂದನ್ನೇ ಬೇಡಿದವಳಿಗೆ ತನ್ನ ಕಿವಿಯ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ತನ್ನ ಎದೆಯೇ ಬಡಿದುಕೊಳ್ಳುತ್ತಿರಬಹುದು. ಆಸೆಗೆ ಬಿದ್ದು ತಾನೇ ಕಟ್ಟಿಕೊಂಡದ್ದಿರಬಹುದು. ಇದನ್ನು ಯಾರಿಗೆ ತೋರಿಸಿ ಕೇಳುವುದು, ಈ ಕಾಲು ಅವರದೇನಾ ಅಂತ? ಅವಳು ಬಾಯಿಗೆ ಸೆರಗು ತುರುಕಿಕೊಂಡು, ಅಳುವಿನ ಸದ್ದೂ ಅಡ್ಡ ಬರದಂತೆ ಕೇಳುತ್ತ ಮಲಗಿದಳು.

ಧಪ್, ಧಪ್, ಧಪ್, ಟಕ್.

ಕೆಳಗಿನಿಂದ. ಕೋಲು. ಹಲಗೆ ಅವಳ ಕೆನ್ನೆಯಡಿಯೇ ಅದುರಿತು.

ಧಪ್, ಧಪ್, ಧಪ್, ಟಕ್.

"ಗುಮ್ಮಣ್ಣಾ, ಸಾಕು ಮಾಡಯ್ಯಾ!"

ನಿದ್ದೆಗಣ್ಣಿನ ದನಿ. ಕೂಗಿದ ಮರುಗಳಿಗೆಯಲ್ಲೇ ಕೋಲು ನಿಂತುಹೋಯಿತು. ತಾನು ಕೂಗಿದ್ದು ಯಾರನ್ನು ಅಂತ ಕಂಪೌಂಡರಿಗೆ ಆಗ ಹೊಳೆದಿರಬೇಕು. ಮೇಲೆ ಹಿಮ್ಮಡಿ ಮೂರು ಸಲ ಕುಟ್ಟಿತು, ನಾಲ್ಕನೆಯ ಜಾಗ ಖಾಲಿ ಉಳಿಯಿತು.

ಟೈಲರಮ್ಮ ಬಾಯಿಂದ ಸೆರಗು ಕಿತ್ತು ಹಲಗೆಯ ಸಂದಿಗೆ ಬಾಯಿಟ್ಟು ಕೂಗಿದಳು. "ನಿಲ್ಲಿಸಬೇಡಿ ಕಂಪೌಂಡರೇ! ನಿಮಗೆ ಕೈ ಮುಗೀತೀನಿ, ಕುಟ್ಟಿ! ಕುಟ್ಟಿ!"

ಮೂರು ಏಟು, ಖಾಲಿ. ಮೂರು ಏಟು, ಖಾಲಿ. ಗಾಯಕ ಬಾಯಿ ತೆರೆಯಲು ಇನ್ನು ಎರಡೇ ಸುತ್ತು ಉಳಿದಿತ್ತು, ಅವಳಿಗೆ ಗೊತ್ತು. ಕೆಳಗೆ ಮಂಚ ಕಿರುಗುಟ್ಟಿತು.

ಧಪ್, ಧಪ್, ಧಪ್, ಟಕ್.

ಧಪ್, ಧಪ್, ಧಪ್, ಟಕ್.

ಹಾಡು ಮುಗಿಯಿತು. ಆಮೇಲೆ ಕೆಳಗಿನಿಂದ ಕಂಪೌಂಡರು, ಜೀವಮಾನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, ಕೇಳಿದರು.

"ಇನ್ನೊಂದು ಸಲ ಹಾಕ್ತೀಯೇನಮ್ಮಾ?"

ಏಳಲು ಮಂಡಿ ಬಿಡಲಿಲ್ಲ. ಅವಳು ಅಂಬೆಗಾಲಿಕ್ಕಿಕೊಂಡೇ ಹೋಗಿ ಐದನೇ ಹಾಡು ಒತ್ತಿದಳು.